ಓದುಗರ ಪ್ರಶ್ನೆ: ಎಲಿಯಟ್ ಮತ್ತು ಕೋವಿಡ್

ಪ್ರಶ್ನೆ: ಕೋವಿಡ್‌ನಿಂದ ದೇಶದಲ್ಲಿ ಮೊದಲ ಸಾವು ವರದಿಯಾದದ್ದು ನಮ್ಮೂರಿಂದ, 2020ರ ಮಾರ್ಚ್‌ನಲ್ಲಿ. ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕವಿತೆಯನ್ನು ಆ ನೆನಪಿನಲ್ಲಿ ಓದಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಧಾರಾಳವಾಗಿ ಓದಿ. ಆದರೆ ಕವಿತೆ 1922ರದು, ಅದರ ಬೆನ್ನಿಗಿರುವುದು ಮೊದಲ ಮಹಾಯುದ್ಧ. ಐದೂ ಭಾಗ ಒಮ್ಮೆಲೇ ಬೇಡ. ಮೊದಲ ಭಾಗದ 60ರಿಂದ 68ನೇ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿ. ಲಂಡನ್ ಸೇತುವೆ ಮೇಲೆ ಜನವೋ ಜನ. ಸಾವು ಇಷ್ಟೊಂದು ಮಂದಿಯನ್ನು ಮುಗಿಸಿದೆಯೇ ಎಂಬ ಬೆರಗು ಇಟಲಿಯ ಕವಿ ಡಾಂಟೆಯ ಕಾವ್ಯದ ನರಕದ ಭಾಗದಿಂದ ತಂದದ್ದು. ಎಡವುವುದು ಇಲ್ಲೇ: ಇವರನ್ನು ಹೆಣಗಳೆಂದೇ ಓದಿಬಿಡುತ್ತಾರೆ. ಅಲ್ಲ, ಒಂಬತ್ತರ ಗಂಟೆಗೆ ಕೆಲಸಕ್ಕೆ ಹೊರಟ ಜೀವಂತ ಜನ! ಒಂಬತ್ತು ಬಾರಿಸುವ ಚರ್ಚಿನ ಗಂಟೆಯ ಕೊನೆಯ ಹೊಡೆತದ ಸದ್ದೇ ಸತ್ತಂತಿದೆ. ಹಾಗಾಗಿ ಹೋಲಿಸುವುದಾದರೆ ಆಸ್ಪತ್ರೆಗಿಂತ, ಲಾಕ್‌ಡೌನ್ ಮುಗಿದು ಮತ್ತೆ ಬಾಗಿಲು ತೆರೆದ ಕಚೇರಿಗಳೇ ಈ ಸಾಲುಗಳಿಗೆ ಹತ್ತಿರ. ಕವಿಯ ಟಿಪ್ಪಣಿಗಳನ್ನು ಆಮೇಲೆ ನೋಡಿದರಾಯಿತು.