ಆ್ಯಪ್ ಅಪ್‌ಡೇಟ್ ಆದಾಗಲೆಲ್ಲ ಸಾಮಾನ್ಯ ಬಳಕೆದಾರರು ಏಕೆ ಗೊಂದಲಕ್ಕೀಡಾಗುತ್ತಾರೆ?

ಅಪ್‌ಡೇಟ್ ಆದ ಪ್ರತಿ ಸಲವೂ ಮನೆಯ ಹಿರಿಯರು ಫೋನ್ ಹಿಡಿದು ತಮ್ಮ ಬಳಿಗೆ ಬರುತ್ತಾರೆಂದೂ, ಅವರಿಗೆ ತಂತ್ರಜ್ಞಾನ ಒಗ್ಗದಿರುವುದೇ ಇದಕ್ಕೆ ಕಾರಣವೇ ಎಂದೂ ತಾವು ಕೇಳಿದ್ದೀರಿ. ಖಂಡಿತ ಅಲ್ಲ ಎಂದೇ ನಾನು ಹೇಳುತ್ತೇನೆ.

ದಿನವೂ ಬಳಸುವ ಆ್ಯಪಿನಲ್ಲಿ ಯಾರೂ ಗುಂಡಿಗಳ ಹೆಸರು ಓದುತ್ತ ಕೂರುವುದಿಲ್ಲ, ಬೆರಳಿಗೆ ಜಾಗ ರೂಢಿಯಾಗಿರುತ್ತದೆ. ನನ್ನ ತಾಯಿಯವರು ಫೋಟೊ ಕಳುಹಿಸುವಾಗ ಹೆಬ್ಬೆರಳು ತಾನಾಗಿಯೇ ಪರದೆಯ ಕೆಳಗಿನ ಬಲಮೂಲೆಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅಲ್ಲಿ ಒತ್ತಿದರೆ ಕ್ಯಾಮೆರಾ ತೆರೆಯಿತು. ಹಿಂದಕ್ಕೆ ಬಂದು ಒತ್ತಿದರೆ ಮತ್ತೆ ಕ್ಯಾಮೆರಾ. ಮೂರನೆಯ ಸಲ ಫೋನನ್ನು ಮೇಜಿನ ಮೇಲಿಟ್ಟು, "ನಾನೇ ಏನೋ ಕೆಡಿಸಿಬಿಟ್ಟೆ" ಎಂದರು. ರಾತ್ರಿ ಚಾರ್ಜಿಗೆ ಹಾಕಿದ್ದಾಗ ಆ್ಯಪ್ ತಾನೇ ಅಪ್‌ಡೇಟ್ ಆಗಿತ್ತು, ಅಷ್ಟೇ. ಆ ಮಾತು ನನಗೆ ಇಂದಿಗೂ ನೋವುಂಟುಮಾಡುತ್ತದೆ.

ಏನು ಬದಲಾಗಿದೆ ಎಂದು ತಿಳಿಸಲು ಗೂಗಲ್ ಪ್ಲೇಯಲ್ಲಿ 500 ಅಕ್ಷರಗಳ ಜಾಗವಿದೆ. ಅಲ್ಲಿಯೂ ಸಾಮಾನ್ಯವಾಗಿ ಕಾಣುವುದು "ದೋಷಗಳನ್ನು ಸರಿಪಡಿಸಲಾಗಿದೆ" ಎಂಬ ಒಂದೇ ಸಾಲು.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹೊಸ ಆವೃತ್ತಿ ಎಲ್ಲರಿಗೂ ಒಂದೇ ದಿನ ತಲುಪಬೇಕೆಂದಿಲ್ಲ. ಆ್ಯಪಲ್‌ನ ಹಂತಹಂತದ ಬಿಡುಗಡೆಯನ್ನು ತಯಾರಕರು ಆರಿಸಿಕೊಂಡರೆ, ಸ್ವಯಂ ಅಪ್‌ಡೇಟ್ ಇಟ್ಟುಕೊಂಡವರಲ್ಲಿ ಮೊದಲ ದಿನ ಶೇ. 1ರಷ್ಟು, ಮರುದಿನ ಶೇ. 2ರಷ್ಟು ಮಂದಿಗೆ, ಹೀಗೆ ಏರುತ್ತ ಏಳನೆಯ ದಿನ ಎಲ್ಲರಿಗೂ ಅದು ಸಿಗುತ್ತದೆ. ಹಂತಹಂತವಾಗಿ ಕೊಟ್ಟರೆ ದೋಷವಿದ್ದಾಗ ಬೇಗ ತಡೆಯಬಹುದು ಎಂಬ ಉದ್ದೇಶ ಸರಿಯಾದದ್ದೇ. ಆದರೆ ಇದರ ಜೊತೆಗೆ, ಅನೇಕ ವೈಶಿಷ್ಟ್ಯಗಳನ್ನು ಕಂಪನಿಗಳು ತಮ್ಮ ಸರ್ವರಿನಿಂದಲೇ ಕೆಲವರಿಗೆ ಮಾತ್ರ ತೆರೆದು ಪರೀಕ್ಷಿಸುವುದರಿಂದ, ಆವೃತ್ತಿ ಸಂಖ್ಯೆ ಒಂದೇ ಆಗಿದ್ದರೂ ಅಕ್ಕನ ಫೋನಿನಲ್ಲಿರುವ ಗುಂಡಿ ತಂಗಿಯ ಫೋನಿನಲ್ಲಿ ಇಲ್ಲದಿರಬಹುದು. ಸಾಮಾನ್ಯರು ಫೋನ್ ಕಲಿಯುವುದೇ ಪಕ್ಕದವರನ್ನು ಕೇಳಿ. ಆ ದಾರಿಯೇ ಹೀಗೆ ಕಡಿದುಹೋದರೆ ಅವರು ತಮ್ಮನ್ನೇ ಅನುಮಾನಿಸಿಕೊಳ್ಳುತ್ತಾರೆ.

ಪ್ಲೇ ಸ್ಟೋರಿನಲ್ಲಿ ಆಯಾ ಆ್ಯಪಿನ ಪುಟದ ಮೂರು ಚುಕ್ಕೆಗಳನ್ನು ಒತ್ತಿ ಸ್ವಯಂ ಅಪ್‌ಡೇಟನ್ನು ನಿಲ್ಲಿಸಬಹುದು. ಆದರೆ ಭದ್ರತೆಯ ತಿದ್ದುಪಡಿಗಳೂ ಅದರಲ್ಲೇ ಬರುವುದರಿಂದ ಬಹುಕಾಲ ಹಾಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಬದಲಾವಣೆ ಕಂಡ ದಿನವೇ ಹಿರಿಯರ ಪಕ್ಕದಲ್ಲಿ ಕುಳಿತು, ಫೋನನ್ನು ಅವರ ಕೈಯಲ್ಲೇ ಇರಗೊಟ್ಟು, ಹೊಸ ಜಾಗವನ್ನು ಅವರ ಬೆರಳಿನಿಂದಲೇ ನಾಲ್ಕಾರು ಸಲ ಒತ್ತಿಸಿರಿ. ನನ್ನ ತಾಯಿಯವರಿಗೆ ಹೊಸ ಜಾಗ ಎರಡೇ ದಿನಗಳಲ್ಲಿ ರೂಢಿಯಾಯಿತು.