ಪೆಟ್ಟಿಗೆ ಶಾರ್ಜಾದಿಂದ, ಹಾಳೆ ತೋಟದಿಂದ

ಪತ್ರ: ನಾನು ಸುಳ್ಯದವಳು. ಮದುವೆಯಾಗಿ ಕೇರಳದ ಕಾಸರಗೋಡು ಕಡೆಯ ಮುಳ್ಳೇರಿಯದ ಹತ್ತಿರಕ್ಕೆ ಬಂದು ನಾಲ್ಕು ವರ್ಷವಾಯಿತು. ಗಂಡ ಶಾರ್ಜಾದಲ್ಲಿದ್ದಾರೆ. ಮನೆಯಲ್ಲಿ ಅತ್ತೆ, ನಾನು, ಹದಿನಾರು ತಿಂಗಳ ಮಗ. ಊರಿಗೆ ಬರುವವರ ಕೈಯಲ್ಲಿ ಇವರು ಪೆಟ್ಟಿಗೆ ಕಳಿಸುತ್ತಾರೆ: ಹಾಲಿನ ಪುಡಿಯ ಡಬ್ಬಿ, ಡೈಪರ್, ದೀಪ ಹತ್ತಿ ಹಾಡುವ ಆಟಿಕೆ, ಕಳೆದ ಸಲ ವಾಕರ್. ಅತ್ತೆಗೆ ಇದೊಂದೂ ಆಗುವುದಿಲ್ಲ. ಡೈಪರ್ ಹಾಕಿದರೆ ಮಗುವಿನ ಕಾಲು ಬಾಗುತ್ತದೆ ಎನ್ನುತ್ತಾರೆ. ಮಗ ಗೋಡೆ ಹಿಡಿದು ನಡೆಯುತ್ತಾನೆ, ಇನ್ನೂ ಕೈ ಬಿಟ್ಟಿಲ್ಲ. ಮೊಬೈಲಿನಲ್ಲಿ ಹಾಡು ಹಾಕದೆ ಒಂದು ತುತ್ತು ಇಳಿಸುವುದಿಲ್ಲ. ತೂಕ 9 ಕಿಲೋ 600 ಗ್ರಾಂ. ‘ಅಷ್ಟೆಲ್ಲ ಕಳಿಸಿದರೂ ಮಗು ಯಾಕೆ ಹೀಗಿದೆ’ ಎಂದು ಇವರು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ವಾಕರಿನಲ್ಲಿ ಕೂರಿಸಿ ಫೋಟೋ ತೆಗೆದು ಕಳಿಸುತ್ತೇನೆ, ಕೂಡಲೇ ಎತ್ತಿಬಿಡುತ್ತೇನೆ. ಅಂಗನವಾಡಿಯಲ್ಲಿ ಕೊಡುವ ಅಮೃತಂ ಪುಡಿ ಕೋಳಿಗೆ ಹೋಗುತ್ತಿದೆ. ಅತ್ತೆ ತುಳು, ನಾನು ಕನ್ನಡ, ಪಕ್ಕದ ಮನೆಯವರು ಮಲಯಾಳ; ಮಗ ಐದಾರು ಪದ ಬಿಟ್ಟರೆ ಮಾತಾಡುವುದಿಲ್ಲ. ರಾತ್ರಿ ಸುಮ್ಮನೆ ಅಳು ಬರುತ್ತದೆ. ಯಾವುದನ್ನು ಬಳಸಲಿ, ಯಾರ ಮಾತು ಕೇಳಲಿ?
— ಹೆಸರು ಬೇಡ, ಮುಳ್ಳೇರಿಯ

ತಂಗಿ,

ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ನಾನು ಎರಡು ಸಲ ಓದಿ ನಿಂತದ್ದು ಮಾತ್ರ ಫೋಟೋದ ಸಾಲಿನ ಹತ್ತಿರ. ಮಗನನ್ನು ವಾಕರಿಗೆ ಇಳಿಸುವುದು, ಅವನು ನಗುವವರೆಗೆ ಕಾಯುವುದು, ಫೋಟೋ ತೆಗೆದು ಎತ್ತಿಬಿಡುವುದು: ಆ ಅರ್ಧ ನಿಮಿಷದಲ್ಲಿ ನಿಮ್ಮ ಮನೆಯ ಕಷ್ಟವೆಲ್ಲ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಆ ವಾಕರಿನ ಮಾತು ಮುಗಿಸಿಬಿಡುತ್ತೇನೆ.

ನೀವು ಎತ್ತಿಬಿಡುವುದೇ ಸರಿ. ಕೆನಡಾ ದೇಶ 2004ರಲ್ಲೇ ಈ ಚಕ್ರದ ವಾಕರುಗಳ ಮಾರಾಟವನ್ನು ನಿಷೇಧಿಸಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಬೇಡವೆಂದೇ ಹೇಳುತ್ತಾ ಬಂದಿದೆ. ಕೂತ ಮಗು ಒಂದೇ ಸೆಕೆಂಡಿನಲ್ಲಿ ಮೂರು ಅಡಿ ದಾಟುತ್ತದೆ, ದೊಡ್ಡವರ ಕೈ ಅಷ್ಟು ಬೇಗ ಚಾಚುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಚಾವಡಿಯಿಂದ ಅಂಗಳಕ್ಕೆ ಮೂರೋ ನಾಲ್ಕೋ ಮೆಟ್ಟಿಲು ಇದ್ದೇ ಇರುತ್ತವೆ. ನನ್ನ ಹಿರಿಮಗಳಿಗೆ ಹತ್ತು ತಿಂಗಳಾಗಿದ್ದಾಗ ನಾನು ಉಕ್ಕುವ ಹಾಲು ಇಳಿಸಲು ಒಳಗೆ ಹೋದೆ. ಸದ್ದು ಕೇಳಿ ಓಡಿ ಬಂದಾಗ ವಾಕರ್ ತುಳಸಿಕಟ್ಟೆಯ ಬುಡದಲ್ಲಿ ಮಗುಚಿ ಬಿದ್ದಿತ್ತು, ಚಕ್ರಗಳು ಇನ್ನೂ ತಿರುಗುತ್ತಿದ್ದವು. ಗದ್ದಕ್ಕೆ ಮೂರು ಹೊಲಿಗೆ ಬಿತ್ತು. ಈಗ ಅವಳೇ ಎರಡು ಮಕ್ಕಳ ತಾಯಿ. ಆ ಗೆರೆ ಮಾಸಿಲ್ಲ, ನನ್ನ ಅಳುಕೂ ಮಾಸಿಲ್ಲ.

ಇಷ್ಟು ಮಾಡಿಯೂ ವಾಕರ್ ನಡಿಗೆಯನ್ನು ಬೇಗ ಕಲಿಸುವುದಿಲ್ಲ, ತಡಮಾಡಲೂಬಹುದು. ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯುವ ವಯಸ್ಸು 8ರಿಂದ 18 ತಿಂಗಳ ನಡುವೆ ಎಲ್ಲಿಯಾದರೂ ಬೀಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೇಳುತ್ತದೆ. ಗೋಡೆ ಹಿಡಿದು ಹೋಗುವವನು ಗೋಡೆ ಬಿಡುತ್ತಾನೆ. 18 ತಿಂಗಳು ತುಂಬಿದ ಮೇಲೂ ಬಿಡದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಅವಸರವಿದ್ದರೆ ಮರದ ಮೂರು ಚಕ್ರದ ತಳ್ಳುಗಾಡಿ ತನ್ನಿ. ಅದರಲ್ಲಿ ಮಗು ತನ್ನ ಕಾಲ ಮೇಲೆ ನಿಂತು ತಳ್ಳಬೇಕಾಗುತ್ತದೆ. ಇನ್ನು ಸವಾರಿಯೇ ಬೇಕೆಂದರೆ ತೋಟದಲ್ಲಿ ಬಿದ್ದಿರುವ ಅಡಿಕೆ ಹಾಳೆ ಸಾಕು. ಹಾಳೆಯ ಮೇಲೆ ಕೂರಿಸಿ ಅಂಗಳದಲ್ಲಿ ಎಳೆಯಿರಿ. ಯಾವ ಆಟಿಕೆಯ ದೀಪವೂ ಹಾಗೆ ನಗಿಸುವುದಿಲ್ಲ.

ಆ ದೀಪದ ಆಟಿಕೆಯನ್ನು ಇವತ್ತೇ ಕೈಯಲ್ಲಿ ಹಿಡಿದು ಬೋರಲು ಮಾಡಿ ನೋಡಿ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಉಗುರಿನಲ್ಲಿ ಎಬ್ಬಿಸಿದರೆ ತೆರೆದುಕೊಳ್ಳುತ್ತದೆಯೇ? ಒಳಗೆ ಗುಂಡಿಯಂಥ ಚಪ್ಪಟೆ ಸೆಲ್ ಇದ್ದರೆ, ಮುಚ್ಚಳ ಸಡಿಲವಿದ್ದರೆ, ಆಟಿಕೆ ಮನೆಯಿಂದ ಹೊರಗೆ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಟ್ಟುಬಿಡಬಲ್ಲದು. ನಮ್ಮ ದೇಶದಲ್ಲಿ ಮಾರುವ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಪೆಟ್ಟಿಗೆಯಲ್ಲಿ ಬಂದದ್ದಕ್ಕೆ ಆ ಕಾವಲಿಲ್ಲ, ನಿಮ್ಮ ಕಣ್ಣೇ ಕಾವಲು. ಇದನ್ನು ಹೇಳುವಾಗ ಅಂಗಳದಲ್ಲಿ ಒಣಗುವ ಅಡಿಕೆಯನ್ನೂ ಇಡೀ ನೆಲಗಡಲೆಯನ್ನೂ ಮರೆಯಬಾರದು. ಉಸಿರುಗಟ್ಟಿಸಲು ಅವು ಶಾರ್ಜಾದಿಂದ ಬರಬೇಕಾಗಿಲ್ಲ.

ಈಗ ಡಬ್ಬಿಯ ವಿಷಯ. ನಿಮ್ಮ ಅಡುಗೆಮನೆಯ ಶೆಲ್ಫನ್ನು ನಾನು ಊಹಿಸಬಲ್ಲೆ. ಮೇಲೆ ಅರಬಿ ಅಕ್ಷರದ ಹಾಲಿನ ಪುಡಿಯ ಡಬ್ಬಿ, ಕೆಳಗೆ ಮಲಯಾಳ ಅಕ್ಷರದ ಅಮೃತಂ ಪೊಟ್ಟಣ. ಸುಳ್ಯದಲ್ಲಿ ಕಲಿತ ನಿಮಗೆ ಎರಡೂ ಓದಲು ಬಾರದು. ಆದರೂ ಒಂದನ್ನು ನಂಬಿ ಮಗುವಿಗೆ ಕೊಟ್ಟಿರಿ, ಇನ್ನೊಂದನ್ನು ಕೋಳಿಗೆ ಹಾಕಿದಿರಿ. ಇದರಲ್ಲಿ ನೀವು ಒಬ್ಬರೇ ಅಲ್ಲ, ನಮ್ಮೂರಿನ ಕೋಳಿಗಳು ಆ ಪುಡಿ ತಿಂದು ಚೆನ್ನಾಗಿಯೇ ಇವೆ.

ವರ್ಷ ದಾಟಿದ ಮಗುವಿಗೆ ಇಂಥ ಬೆಳವಣಿಗೆಯ ಹಾಲಿನ ಪುಡಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಎದೆಹಾಲು ಇದ್ದರೆ ಮುಂದುವರಿಸಿ, ಜೊತೆಗೆ ಹಟ್ಟಿಯ ಹಾಲನ್ನು ಕಾಯಿಸಿ ಕೊಡಬಹುದು. ಆದರೆ ದಿನಕ್ಕೆ ಅರ್ಧ ಲೀಟರಿನ ಒಳಗೇ ಇರಲಿ. ಹಾಲಿನಿಂದಲೇ ಹೊಟ್ಟೆ ತುಂಬಿದ ಮಗು ಅನ್ನಕ್ಕೆ ಬಾಯಿ ತೆರೆಯುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ, ಹಾಗಾಗಿ ರಕ್ತವೂ ಕಡಿಮೆಯಾಗುತ್ತದೆ. ಅವನು ದಿನಕ್ಕೆ ಎಷ್ಟು ಬಾಟಲಿ ಕುಡಿಯುತ್ತಾನೆಂದು ನೀವು ಬರೆದಿಲ್ಲ. ನಾಳೆ ಲೆಕ್ಕ ಹಾಕಿ. ಊಟದ ಜಗಳದ ಅರ್ಧ ಅಲ್ಲೇ ಸಿಕ್ಕಿಬೀಳಬಹುದು ಎಂದು ನನ್ನ ಗುಮಾನಿ.

ಆ ಅಮೃತಂ ಪೊಟ್ಟಣದಲ್ಲಿ ಇರುವುದು ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ. ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗೆಂದೇ ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು ಹುರಿದು ಬೀಸಿ ಮಾಡುವುದು. ಅದರ ಹದ ಕಂಡುಹಿಡಿದದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರ ನೆರವಿನಿಂದ. ನಿಮ್ಮ ಮನೆಯಿಂದ ಬಸ್ಸು ಹತ್ತಿದರೆ ಆ ಸಂಸ್ಥೆಯ ಗೇಟು ನೋಡಿ ಊಟದ ಹೊತ್ತಿಗೆ ಮರಳಬಹುದು. ಸಕ್ಕರೆ ಅದರಲ್ಲೇ ಇರುವುದರಿಂದ ಮೇಲಿಂದ ಬೆಲ್ಲ ಹಾಕಬೇಡಿ. ದಿನಾ ಅದೇ ಬೇಕೆಂದಿಲ್ಲ. ಅತ್ತೆಗೆ ರಾಗಿ ಮಣ್ಣಿ ಮಾಡಲು ಬರುತ್ತದಲ್ಲವೇ? ಕೇಳಿ ಮಾಡಿಸಿಕೊಳ್ಳಿ. ಕುಚ್ಚಲಕ್ಕಿ ಗಂಜಿ, ಹೆಸರುಬೇಳೆ ತೊವ್ವೆ, ಹರಿವೆ ಸೊಪ್ಪು, ಮನೆಯಲ್ಲಿ ತಿನ್ನುವ ವಾಡಿಕೆ ಇದ್ದರೆ ಮೊಟ್ಟೆ, ಮುಳ್ಳು ತೆಗೆದ ಬಂಗುಡೆ. ನೀವಿಬ್ಬರು ಉಣ್ಣುವುದೇ ಅವನದೂ ಆಗಲಿ, ಖಾರ ಹಾಕುವ ಮೊದಲು ಅವನ ಪಾಲು ತೆಗೆದಿಡಿ. ಚಹಾದಲ್ಲಿ ಅದ್ದಿದ ಬಿಸ್ಕತ್ತು ನಿಮ್ಮ ಮನೆಯಲ್ಲೂ ನಡೆಯುತ್ತಿದ್ದರೆ, ಅತ್ತೆಯನ್ನು ನೋಯಿಸದೆ ಅದನ್ನು ನಿಲ್ಲಿಸುವ ದಾರಿ ಈ ಮಣ್ಣಿಯೇ.

ತೂಕಕ್ಕೆ ಒಂದು ಮಾತು ಸಾಕು: ಹದಿನಾರು ತಿಂಗಳಿಗೆ 9 ಕಿಲೋ 600 ಗ್ರಾಂ ಆರೋಗ್ಯವಂತ ಗಂಡುಮಗುವಿನ ತೂಕವೇ. ಮೊದಲ ವರ್ಷ ಆರು ಕಿಲೋ ಏರಿದ ಮಗು ಎರಡನೆಯ ವರ್ಷ ಎರಡೂವರೆ ಕಿಲೋದ ಹತ್ತಿರ ಏರುತ್ತದೆ, ಹಸಿವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಅಂಗನವಾಡಿಯ ಕಾರ್ಡಿನಲ್ಲಿ ಅವನ ಗೆರೆ ಹಸಿರು ಬಣ್ಣದೊಳಗೆ ಮೇಲಕ್ಕೆ ಹೋಗುತ್ತಿದೆಯೇ ಎಂದು ಟೀಚರನ್ನು ಕೇಳಿ. ಬಣ್ಣ ಓದಲು ಲಿಪಿ ಬೇಕಿಲ್ಲ. ಹೋಗುತ್ತಿದ್ದರೆ ಆ ಪುಟದ ಫೋಟೋವನ್ನು ಶಾರ್ಜಾಕ್ಕೆ ಕಳಿಸಿ.

ಮೊಬೈಲು ಕಷ್ಟದ ವಿಷಯ. ಪಕ್ಕದಲ್ಲಿ ಕೈ ಬದಲಿಸಲು ಯಾರೂ ಇಲ್ಲದವಳಿಗೆ ಆ ಹಾಡು ಹತ್ತು ನಿಮಿಷದ ಉಸಿರು ಎಂದು ನನಗೆ ಗೊತ್ತು, ಬೈಯುವುದಿಲ್ಲ. ಎರಡು ವರ್ಷದೊಳಗೆ ಪರದೆಯೇ ಬೇಡ ಎನ್ನುತ್ತದೆ ನಮ್ಮ ಮಕ್ಕಳ ವೈದ್ಯರ ಅಕಾಡೆಮಿ. ಪರದೆ ನೋಡುತ್ತಾ ಉಣ್ಣುವವನಿಗೆ ಹೊಟ್ಟೆ ತುಂಬಿತೇ ಇಲ್ಲವೇ ಎಂಬ ಸುದ್ದಿಯೇ ತಿಳಿಯುವುದಿಲ್ಲ. ಬಾಯಿ ತಾನಾಗಿ ತೆರೆಯುತ್ತದೆ, ನಾವು ತುರುಕುತ್ತೇವೆ. ಒಂದೇ ದಿನಕ್ಕೆ ಮೂರು ಹೊತ್ತೂ ನಿಲ್ಲಿಸಹೋಗಬೇಡಿ, ಮೂರನೆಯ ದಿನ ಸೋತು ಮರಳಿ ಹಚ್ಚುತ್ತೀರಿ. ಒಂದು ಹೊತ್ತು ಆರಿಸಿಕೊಳ್ಳಿ, ಮಧ್ಯಾಹ್ನದ್ದಾಗಲಿ. ಅದಕ್ಕೆ ಎರಡೂವರೆ ಗಂಟೆ ಮೊದಲಿನಿಂದ ಹಾಲು, ಬಿಸ್ಕತ್ತು ಏನೂ ಬೇಡ. ಮೊಬೈಲನ್ನು ಚಾರ್ಜಿಗೆ ಹಾಕಿ ಕೋಣೆಯಲ್ಲಿ ಬಿಟ್ಟು ಬನ್ನಿ. ನೆಲದಲ್ಲಿ ಹಳೆಯ ಬೈರಾಸು ಹಾಸಿ, ಅತ್ತೆ ಉಣ್ಣುವಾಗ ಅವರ ಎದುರಿಗೆ ಅವನನ್ನು ಕೂರಿಸಿ, ಅವನಿಗೂ ಒಂದು ಬಟ್ಟಲು ಕೊಡಿ. ಅರ್ಧ ಅನ್ನ ತಲೆಗೆ ಹೋಗುತ್ತದೆ, ಹೋಗಲಿ. ನೀವು ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಎಷ್ಟು ತಿನ್ನಬೇಕು ಎಂಬುದನ್ನು ಅವನಿಗೇ ಬಿಡಿ. ಇಪ್ಪತ್ತು ನಿಮಿಷ ನೋಡಿ ಬಟ್ಟಲು ಎತ್ತಿ, ಬೈಗುಳವೂ ಬೇಡ, ಬೇಡಿಕೆಯೂ ಬೇಡ. ಮೊದಲ ನಾಲ್ಕು ದಿನ ಮನೆ ಕೂಗಾಟದಲ್ಲಿ ಮುಳುಗುತ್ತದೆ. ಹೀಗಾಗುತ್ತದೆ ಎಂದು ಅತ್ತೆಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಎರಡನೆಯ ದಿನ ಅವರೇ ಮೊಬೈಲು ತಂದು ಕೊಡುತ್ತಾರೆ.

ಹಾಗೆಂದು ಮೊಬೈಲನ್ನು ಪೂರ್ತಿ ಅಟ್ಟಕ್ಕೇರಿಸಬೇಡಿ, ಅದರೊಳಗೆ ಅವನ ಅಪ್ಪ ಇದ್ದಾರೆ. ಅಷ್ಟು ಚಿಕ್ಕ ಮಕ್ಕಳಿಗೆ ಪರದೆ ಬೇಡವೆನ್ನುವ ಅಮೆರಿಕದ ವೈದ್ಯರೂ ಮನೆಯವರೊಂದಿಗಿನ ವಿಡಿಯೋ ಕರೆಗೆ ವಿನಾಯಿತಿ ಕೊಟ್ಟಿದ್ದಾರೆ. ಆ ಪರದೆ ಮಗು ನಕ್ಕರೆ ನಗುತ್ತದೆ, ಕೂಗಿದರೆ ಓಗೊಡುತ್ತದೆ.

ನಿಮ್ಮ ಗಂಡನ ‘ಅಷ್ಟೆಲ್ಲ ಕಳಿಸಿದರೂ’ ಎಂಬ ಮಾತು ನಿಮಗೆ ಚುಚ್ಚಿತು, ಚುಚ್ಚಬೇಕಾದ ಮಾತೇ. ಆದರೆ ಅವರ ಕಡೆಯಿಂದ ಒಮ್ಮೆ ನೋಡಿ. ಮಗ ಹುಟ್ಟಿ ಹದಿನಾರು ತಿಂಗಳಲ್ಲಿ ಅವರು ಎಷ್ಟು ದಿನ ಎತ್ತಿಕೊಂಡಿರಬಹುದು? ಕೋಣೆಯಲ್ಲಿ ಜೊತೆಗಿರುವ ನಾಲ್ಕೈದು ಜನ, ರಜೆಯ ದಿನ ಒಂದು ಅಂಗಡಿ, ಅಲ್ಲಿ ಮಕ್ಕಳ ಸಾಮಾನಿನ ಸಾಲು. ತಾನೂ ಅಪ್ಪ ಎಂದು ಅವರಿಗೆ ಅನಿಸುವುದು ಆ ಸಾಲಿನಲ್ಲಿ ನಿಂತಾಗ ಮಾತ್ರ ಎಂದು ನನಗೆ ತೋರುತ್ತದೆ. ಆ ಪೆಟ್ಟಿಗೆಗೆ ನೀವು ಬೇಡವೆಂದರೆ ಅವರ ಕೈ ಖಾಲಿಯಾಗುತ್ತದೆ. ಬೇಡವೆನ್ನುವ ಮೊದಲು ಆ ಕೈಗೆ ಬೇರೆ ಕೆಲಸ ಕೊಡಿ. ನಮ್ಮ ಏಳೂವರೆ ಅವರಿಗೆ ಆರು ಗಂಟೆ. ಅವರ ಪಾಳಿಗೆ ಹೊಂದುವುದಾದರೆ ಸಂಜೆ ಮೀಯಿಸಿದ ಮೇಲಿನ ಹತ್ತು ನಿಮಿಷ ಅಪ್ಪನದು ಎಂದು ಗೊತ್ತುಮಾಡಿ. ಒಂದೇ ಹಾಡು, ದಿನಾ ಅದೇ ಹಾಡು. ಅಥವಾ ಎರಡು ಕಡೆಯೂ ಒಂದೇ ಚಿತ್ರದ ಪುಸ್ತಕ ಇಟ್ಟುಕೊಂಡು ಅಲ್ಲಿಂದ ಅವರು ‘ದನ ಎಲ್ಲಿ’ ಎನ್ನಲಿ, ಇಲ್ಲಿ ಅವನು ಬೆರಳಿಡಲಿ. ಕಳಿಸಲೇಬೇಕೆಂದರೆ ನೀವೇ ಪಟ್ಟಿ ಕೊಡಿ: ಅಂಟು ಬಿಡದ ಡೈಪರ್, ನಾಲ್ಕು ಹತ್ತಿ ಬನಿಯನ್, ಅವರು ಉಟ್ಟು ಬಿಟ್ಟ ಒಂದು ಮೆತ್ತಗಿನ ಲುಂಗಿ. ಕೊನೆಯದು ಹೊದೆಯಲು, ನಗಬೇಡಿ.

ಡೈಪರಿನಲ್ಲಿ ನೀವಿಬ್ಬರೂ ಅರ್ಧರ್ಧ ಸರಿ. ಕಾಲು ಬಾಗುವುದಕ್ಕೂ ಡೈಪರಿಗೂ ಸಂಬಂಧವಿಲ್ಲ, ಈ ವಯಸ್ಸಿನಲ್ಲಿ ಕಾಲು ಸ್ವಲ್ಪ ಬಿಲ್ಲಿನಂತಿರುವುದು ಸಹಜ. ಚರ್ಮ ಕೆಂಪಾಗುತ್ತದೆ ಎಂದು ಅತ್ತೆ ಹೇಳಿದರೆ ಅದು ನಿಜ. ಆಟಿ ತಿಂಗಳ ಮಳೆಯಲ್ಲಿ ಬಟ್ಟೆ ಒಣಗದ ಮನೆಯಲ್ಲಿ ರಾತ್ರಿಗೆ, ಪ್ರಯಾಣಕ್ಕೆ ಡೈಪರ್ ಹಾಕಿ. ಹಗಲು ಬಟ್ಟೆ, ಸ್ವಲ್ಪ ಹೊತ್ತು ಏನೂ ಇಲ್ಲದೆ. ಎಚ್ಚರವಿರುವಾಗ ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ, ಪೌಡರ್ ಬೇಡ. ತೊಡೆಸಂದಿಯಲ್ಲಿ ಕೆಂಪು ಚುಕ್ಕೆ ಎದ್ದರೆ ಅದು ಎಣ್ಣೆಗೆ ಹೋಗುವುದಲ್ಲ, ವೈದ್ಯರಿಗೆ ತೋರಿಸಿ.

ಮೂರು ಭಾಷೆ ಕೇಳಿದರೆ ಮಾತು ತಡವಾಗುವುದಿಲ್ಲ. ಏಳು ಭಾಷೆಯ ಊರಿನಲ್ಲಿ ಬೆಳೆದ ನಮ್ಮಲ್ಲಿ ಮೂಕರಾದವರು ಯಾರು? ಲೆಕ್ಕ ಹಾಕುವಾಗ ಮೂರೂ ಭಾಷೆಯ ಪದಗಳನ್ನು ಕೂಡಿಸಿ. ಬೆಕ್ಕು ಕಂಡಾಗ ‘ಪುಚ್ಚ’ ಎಂದನೆಂದಿಟ್ಟುಕೊಳ್ಳಿ, ಅದು ಅತ್ತೆಯ ಪುಚ್ಚೆಯೋ ಪಕ್ಕದ ಮನೆಯ ಪೂಚ್ಚವೋ ಎಂದು ತೀರ್ಮಾನಿಸಲು ನನಗಂತೂ ಆಗದು. ಒಂದು ಪದ ಎಂದು ಬರೆದುಕೊಳ್ಳಿ. ಹದಿನಾರು ತಿಂಗಳಿಗೆ ಐದಾರು ಪದ ಸಾಕು. ಕರೆದರೆ ತಿರುಗದಿದ್ದರೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ಕಾಯಬೇಡಿ, ಕಿವಿ ಪರೀಕ್ಷೆ ಮಾಡಿಸಿ.

ರಾತ್ರಿಯ ಅಳುವಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಹೀಗೇ ಇದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲವೆನಿಸಿದರೆ ಅದು ಬರೀ ದಣಿವಲ್ಲದಿರಬಹುದು. ವೈದ್ಯರ ಹತ್ತಿರ ಮಗನ ಜೊತೆ ನಿಮ್ಮ ಹೆಸರಿನ ಚೀಟಿಯನ್ನೂ ಮಾಡಿಸಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಭಾಷೆ ಆರಿಸಿಕೊಳ್ಳುವ ಅವಕಾಶವೂ ಇದೆ. ಸುಳ್ಯಕ್ಕೆ ಹೋಗಿ ಅಮ್ಮನ ಬಳಿ ಹದಿನೈದು ದಿನ ಇದ್ದು ಬರುವುದಕ್ಕೂ ಯಾರ ಅಪ್ಪಣೆಯ ಚೀಟಿ ಬೇಕಿಲ್ಲ.

ಇನ್ನು ಆ ಫೋಟೋ. ವಾಕರಿನಲ್ಲಿ ಕೂರಿಸಿ ತೆಗೆಯುವುದನ್ನು ನಿಲ್ಲಿಸಿ. ಅವರು ಕೇಳಿದರೆ, ನನ್ನ ಮಗಳ ಗದ್ದದ ಕಥೆ ಹೇಳಿ ತಪ್ಪನ್ನು ನನ್ನ ಮೇಲೆ ಹಾಕಿ: ‘ಪತ್ರಿಕೆಯಲ್ಲಿ ಒಬ್ಬ ಮುದುಕಿ ಬರೆದಿದ್ದಾರೆ, ನನಗೆ ಹೆದರಿಕೆಯಾಯಿತು’ ಎನ್ನಿ. ನಾಳೆ ಬಿಸಿಲು ಇಳಿದ ಮೇಲೆ ಒಂದು ಅಗಲವಾದ ಹಾಳೆ ಹುಡುಕಿ, ತುದಿ ಚುಚ್ಚದಂತೆ ಕತ್ತರಿಸಿ, ಮಗನನ್ನು ಕೂರಿಸಿ ಅಂಗಳದಲ್ಲಿ ವಿಡಿಯೋ ಮಾಡಿ ಕಳಿಸಿ. ಎಳೆಯುವ ಕೆಲಸ ಅತ್ತೆಗೆ ಕೊಡಿ. ನಿಮ್ಮ ಗಂಡನನ್ನೂ ಅವರೇ ಆ ಅಂಗಳದಲ್ಲಿ ಎಳೆದಿರಬೇಕು.