ಉಳಿತಾಯ ಬಜೆಟ್‌ನಲ್ಲಿ ಉಳಿದಿರುವುದು ಯಾರ ಹಣ?

ಪ್ರಶ್ನೆ: ನಮ್ಮ ನಗರಸಭೆ ಈ ವರ್ಷವೂ ಉಳಿತಾಯ ಬಜೆಟ್ ಮಂಡಿಸಿದೆ. ಆದರೂ ಬಡಾವಣೆಯ ರಸ್ತೆಗೆ ಡಾಂಬರು ಹಾಕಿಸಲು ಹಣವಿಲ್ಲವಂತೆ. ಇದು ಹೇಗೆ?

ಉತ್ತರ: ಬಜೆಟ್ ಮಂಡನೆಯಾದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಬಜೆಟ್ ಪುಸ್ತಕದ ಮೊದಲ ಪುಟವನ್ನಷ್ಟೇ ನೋಡಿ ‘ಕೋಟಿಗಟ್ಟಲೆ ಉಳಿತಾಯ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ.

ನಿಮ್ಮ ತೆರಿಗೆ ಚಲನ್ ತೆಗೆದು ನೋಡಿ. ಆಸ್ತಿ ತೆರಿಗೆ 5,000 ರೂಪಾಯಿ ಇದ್ದರೆ, ಅದರ ಮೇಲೆ ಆರೋಗ್ಯ ಉಪಕರ ಶೇ 15ರಂತೆ 750, ಗ್ರಂಥಾಲಯ ಉಪಕರ ಶೇ 6ರಂತೆ 300, ಭಿಕ್ಷುಕರ ಉಪಕರ ಶೇ 3ರಂತೆ 150 ರೂಪಾಯಿ ಸೇರಿರುತ್ತದೆ. ಈ 1,200 ರೂಪಾಯಿಯನ್ನು ನಗರಸಭೆ ಬೇರೆಯವರ ಪರವಾಗಿ ವಸೂಲಿ ಮಾಡುತ್ತದೆ; ವಸೂಲಿ ವೆಚ್ಚ ಮುರಿದುಕೊಂಡು ಆರೋಗ್ಯ ಉಪಕರವನ್ನು ಸರ್ಕಾರಕ್ಕೆ, ಗ್ರಂಥಾಲಯದ್ದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ, ಭಿಕ್ಷುಕರದ್ದನ್ನು ಅವರ ಪುನರ್ವಸತಿ ನೋಡಿಕೊಳ್ಳುವ ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು. ಕಟ್ಟುವವರೆಗೆ ಅದು ನಗರಸಭೆಯ ಮೇಲಿನ ಬಾಕಿ. ಆದರೆ ಬಜೆಟ್‌ನಲ್ಲಿ ಅದು ಜಮೆಯ ಕಡೆ ಕಾಣಿಸಿಕೊಂಡು, ಕಟ್ಟದೆ ಉಳಿದಷ್ಟೂ ಉಳಿತಾಯವನ್ನು ಉಬ್ಬಿಸುತ್ತದೆ. ಮುಂದೆ ಹಿಂದಿರುಗಿಸಬೇಕಾದ ಗುತ್ತಿಗೆದಾರರ ಭದ್ರತಾ ಠೇವಣಿಯದೂ ಇದೇ ಕಥೆ.

ಅನುದಾನಗಳಿಗೂ ಕಟ್ಟುಪಾಡುಗಳಿವೆ. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಆ ಭಾಗದಿಂದ ನಿಮ್ಮ ರಸ್ತೆಗೆ ಡಾಂಬರು ಹಾಕಿಸುವಂತಿಲ್ಲ, ಹಾಕಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ.

ನನಗೆ ಆತಂಕವಾಗುವುದು ಎಲ್ಲ ನಿಧಿಗಳೂ ಒಂದೇ ಬ್ಯಾಂಕ್ ಖಾತೆಯಲ್ಲಿ ಬೆರೆತಾಗ. ತಿಂಗಳ ಕೊನೆಯಲ್ಲಿ ಗುತ್ತಿಗೆದಾರರ ಬಿಲ್ ಎದುರಿಗಿದ್ದರೆ ‘ಆಮೇಲೆ ಹೊಂದಾಣಿಕೆ ಮಾಡೋಣ’ ಎಂದು ಉಪಕರದ ಹಣದಿಂದಲೇ ಅದಕ್ಕೆ ಚೆಕ್ ಬರೆಯುತ್ತಾರೆ. ಆ ಹೊಂದಾಣಿಕೆ ವರ್ಷಗಟ್ಟಲೆ ಆಗುವುದಿಲ್ಲ, ಅತ್ತ ಗ್ರಂಥಾಲಯದಲ್ಲಿ ಪುಸ್ತಕ ಖರೀದಿ ನಿಲ್ಲುತ್ತದೆ. ಆದ್ದರಿಂದ ಬಜೆಟ್ ಭಾಷಣವನ್ನು ನಂಬಿ ಕೂರಬೇಡಿ. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಂತೆ ನಗರಸಭೆ ಬ್ಯಾಲೆನ್ಸ್ ಶೀಟ್ ಸಿದ್ಧಪಡಿಸಲೇಬೇಕು. ಮಾಹಿತಿ ಹಕ್ಕಿನಡಿ ಅದನ್ನೂ, ಮಾರ್ಚ್ 31ಕ್ಕೆ ನಿಧಿವಾರು ಬ್ಯಾಂಕ್ ಶಿಲ್ಕನ್ನೂ (ಖಾತೆಯಲ್ಲಿ ಉಳಿದಿರುವ ಹಣ), ಪಾವತಿಸಬೇಕಾದ ಉಪಕರದ ಮೊತ್ತವನ್ನೂ ಕೇಳಿ ಪಡೆಯಿರಿ. ಬಾಕಿಗಿಂತ ಶಿಲ್ಕು ಕಡಿಮೆ ಇದ್ದರೆ, ಮೀಸಲು ಹಣ ಬೇರೆ ಬಾಬ್ತಿಗೆ ಹೋಗಿದೆ ಎಂದೇ ಅರ್ಥ.

ಪ್ರಶ್ನೆ: ನಾನು ಗ್ರಂಥಾಲಯಕ್ಕೆ ಹೋಗುವುದಿಲ್ಲ. ಆ ಉಪಕರ ಬಿಟ್ಟು ತೆರಿಗೆ ಕಟ್ಟಬಹುದೇ?

ಉತ್ತರ: ಇಲ್ಲ.

ಪ್ರಶ್ನೆ: ಎರಡು ಸಾವಿರ ಕೊಟ್ಟರೆ ಉಪಕರ ಮನ್ನಾ ಮಾಡಿಸಿಕೊಡುವುದಾಗಿ ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಅದು ಶುದ್ಧ ವಂಚನೆ. ದಲ್ಲಾಳಿಯ ಕೈಗೆ ಒಂದು ಪೈಸೆಯನ್ನೂ ಕೊಡದೆ ಪೊಲೀಸರಿಗೆ ದೂರು ಕೊಡಿ.

ಪ್ರಶ್ನೆ: ಪರಿಶಿಷ್ಟರಿಗೆ ಮೀಸಲಾದ ಶೇ 24.10ರ ನಿಧಿ ಖರ್ಚಾಗದೆ ಉಳಿದಿದೆ. ಅದನ್ನು ಉದ್ಯಾನಕ್ಕೆ ಬಳಸಬಾರದೇಕೆ?

ಉತ್ತರ: ಖರ್ಚಾಗದೆ ಉಳಿದಿರುವುದು ಆಡಳಿತದ ಲೋಪ, ಫಲಾನುಭವಿಗಳದ್ದಲ್ಲ. ಆ ಹಣವನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಿ ಅವರಿಗಾಗಿಯೇ ಖರ್ಚು ಮಾಡಬೇಕು.